‘ಓವರ್‌ಹೀಟ್’ ಎಂಬ ಒಂದು ಶಬ್ದ, ಮೂರು ವರ್ಷ, ಸುಟ್ಟುಹೋದ ಒಂದು ಮೋಟಾರ್

ಮೊನ್ನೆ ಮುಗಿದ ಬ್ಯಾಚಿನ ಕೊನೆಯ ದಿನ 22 ಹುಡುಗರಿಗೆ ಒಂದೇ ಕ್ರಿಯಾಪದ ಕೊಟ್ಟು ಐದು ವಾಕ್ಯ ಬರೆಯಿರಿ ಅಂದೆ. ಕ್ರಿಯಾಪದ ಓವರ್‌ಹೀಟ್. 19 ಮಂದಿ ಐದರಲ್ಲಿ ನಾಲ್ಕಾದರೂ ಸರಿ ಬರೆದರು. ಮೂರು ವರ್ಷದ ಹಿಂದೆ ಇದೇ ಪರೀಕ್ಷೆ ಇಟ್ಟಾಗ ಇಪ್ಪತ್ತು ಮಂದಿಯಲ್ಲಿ ದಾಟಿದವರು ನಾಲ್ವರೋ ಐವರೋ. ಜಮಖಂಡಿ ಸುತ್ತಮುತ್ತ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವ ನಾವು ಐದಾರು ಮಂದಿ ತಿಂಗಳಿಗೊಮ್ಮೆ ಚಹಾಕ್ಕೆ ಸೇರುತ್ತೇವೆ. ಅಲ್ಲಿ ನಾನು ಕೇಳಿಸಿಕೊಂಡ ಮಾತು ಇನ್ನೂ ಕಿವಿಯಲ್ಲಿದೆ: “ಒಂದು ಶಬ್ದಕ್ಕ ಒಂದು ವಾರಾನ್ರಿ ಮೇಡಂ? ಅದೂ ಕನ್ನಡದಾಗ ಹೇಳಿ? ಹುಡುಗ್ರು ರೊಕ್ಕ ಕೊಡೂದು ಇಂಗ್ಲಿಷ್ ಕೇಳಾಕ.” ಈಗ ಅವರಲ್ಲೇ ಇಬ್ಬರು ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಎರಡು ದಿನ ಕೂತು ಹೋದರು. ಈ ಒಂದು ಶಬ್ದವನ್ನು ಹೇಗೆ ಕಲಿಸುತ್ತೇನೆ ಎಂದು ಕೇಳಿದವರಿಗೆಲ್ಲ ಮತ್ತೆ ಮತ್ತೆ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ನನ್ನ ಕ್ಲಾಸಿಗೆ ಬರುವವರು ಐಟಿಐ ಮುಗಿಸಿದವರು, ಡಿಪ್ಲೊಮಾ ಕೊನೆಯ ವರ್ಷದವರು, ಸಕ್ಕರೆ ಕಾರ್ಖಾನೆಗಳಲ್ಲಿ ಟ್ರೈನಿ ಆಗಿರುವವರು, ಬನಹಟ್ಟಿ ಕಡೆ ಪವರ್‌ಲೂಮ್ ರಿಪೇರಿ ಮಾಡುವವರು. ಮಹಾಲಿಂಗಪುರ, ತೇರದಾಳದಿಂದ ಬಸ್ಸಿಗೆ ಬರುವವರೇ ಅರ್ಧ. ಅವರಿಗೆ ಕವಿತೆಯ ಇಂಗ್ಲಿಷ್ ಬೇಡ. ಪುಣೆಯಲ್ಲೋ ಬೆಳಗಾವಿಯಲ್ಲೋ ಇಂಟರ್‌ವ್ಯೂ ದಾಟಬೇಕು, ಶಿಫ್ಟ್ ರಿಪೋರ್ಟ್ ಬರೆಯಬೇಕು.

ಈ ಶಬ್ದದ ಬೆನ್ನು ಹತ್ತಿದ್ದು ಅಂಥ ಒಬ್ಬ ಹುಡುಗನಿಂದ. ಕೈಕೆಲಸದಲ್ಲಿ ಗಟ್ಟಿಗ. ಒಂದು ಕಂಪನಿಯ ಇಂಟರ್‌ವ್ಯೂದಲ್ಲಿ, ಕೆಲಸದಲ್ಲಿ ಎದುರಾದ ತೊಂದರೆ ಹೇಳು ಅಂದರಂತೆ. ಇವನು “ಐ ಓವರ್‌ಹೀಟೆಡ್ ದಿ ಮೋಟರ್ ಮೆನಿ ಟೈಮ್ಸ್, ಸರ್” ಅಂದ. ಅವನ ಮನಸ್ಸಿನಲ್ಲಿದ್ದದ್ದು: ನಾನಿದ್ದ ಕಡೆ ಮೋಟಾರ್ ಹಲವು ಸಲ ಕಾದಿತ್ತು, ನಾನು ರಿಪೇರಿ ಮಾಡಿದೆ. ಅವರಿಗೆ ಕೇಳಿಸಿದ್ದು: ಮೋಟಾರನ್ನು ಹಲವು ಸಲ ಕಾಯಿಸಿ ಕೆಡಿಸಿದವ ನಾನೇ. ಯಾಕೆ ಹಾಗೆ ಮಾಡಿದೆ ಎಂದು ಮರುಪ್ರಶ್ನೆ ಬಂತು, ಇವನಿಗೆ ಅದೇ ಅರ್ಥವಾಗಲಿಲ್ಲ. ಕೆಲಸ ಸಿಗಲಿಲ್ಲ. ವಾಪಸ್ ಬಂದು ನನ್ನ ಮುಂದೆ ನಿಂತು, “ಮೇಡಂ, ಗ್ರಾಮರ್ ಕರೆಕ್ಟ್ ಇತ್ತಲ್ರಿ?” ಅಂದ. ಇತ್ತು. ಕರ್ತೃ, ಕ್ರಿಯೆ, ಕರ್ಮ, ಭೂತಕಾಲ ಎಲ್ಲ ಸರಿ. ನಾನೇ ಕಲಿಸಿದ ಗ್ರಾಮರ್. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮೊದಲು ನಾನು ರೊಕ್ಕ ಸುರಿದೆ. ಹಳೆಯ ಪ್ರೊಜೆಕ್ಟರ್ ಒಂದನ್ನು 16 ಸಾವಿರಕ್ಕೋ 17 ಸಾವಿರಕ್ಕೋ ತಂದು, ಹೊಗೆ ಕಾರುವ ಎಂಜಿನ್, ಬಾನೆಟ್ ಎತ್ತಿ ನಿಂತ ಕಾರು, ಎಲ್ಲ ಚಿತ್ರ ತೋರಿಸಿದೆ. ‘ಟು ಬಿಕಮ್ ಟೂ ಹಾಟ್’ ಎಂಬ ಅರ್ಥ ಬಾಯಿಪಾಠ ಮಾಡಿಸಿದೆ. ವಾಕ್ಯ ಬರೆಯಿರಿ ಅಂದರೆ “ದಿ ಎಂಜಿನ್ ಬಿಕೇಮ್ ಹೀಟ್” ಎಂದು ಬಂತು. ತಪ್ಪು ಎಲ್ಲಿಯದು ಎಂದು ನಿಮಗೂ ಗೊತ್ತು. ನಮ್ಮ ಕಡೆ ‘ಗಾಡಿ ಹೀಟ್ ಆತು’ ಅನ್ನುತ್ತೇವೆ. ನಮ್ಮ ಬಾಯಲ್ಲಿ ಹೀಟ್ ಎಂಬುದು ‘ಬಿಸಿ’ ಇದ್ದಂತೆ, ‘ಆಗು’ ಹಚ್ಚಿದರೆ ಸಾಕು. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಹಾಟ್ ಬರಬೇಕು, ಹೀಟ್ ನಾಮಪದ ಇಲ್ಲವೇ ಕ್ರಿಯಾಪದ. ಪ್ರೊಜೆಕ್ಟರ್ ಇದನ್ನು ತಿದ್ದುವುದಿಲ್ಲ. ಅದರ ಬಲ್ಬ್ ಹೋದ ಮೇಲೆ ಹಾಕಿಸಲೂ ಇಲ್ಲ.

ಆಮೇಲೆ ಪುಸ್ತಕ. 48 ಪುಟ, 200 ಪ್ರತಿ, 11 ಸಾವಿರದ ಸುಮಾರು ಖರ್ಚು. ಓವರ್‌ಹೀಟ್ ಎದುರು ‘ಅತಿಯಾಗಿ ಬಿಸಿಯಾಗು, ಅತಿಯಾಗಿ ಬಿಸಿಮಾಡು’ ಎಂದು ಹಾಕಿದ್ದೆ. ಏಪ್ರಿಲ್ ತಿಂಗಳು, ಹೊರಗೆ ಬಿಸಿಲು 40 ದಾಟಿತ್ತು. ಏಳೆಂಟು ಮಂದಿ ಒಂದೇ ಥರ ಬರೆದರು: “ಟುಡೇ ವಿಜಯಪುರ ಇಸ್ ಓವರ್‌ಹೀಟೆಡ್.” ನಾನು ಕೊಟ್ಟ ಅರ್ಥದ ಪ್ರಕಾರ ಅದು ಸರಿಯೇ! ಇನ್ನೊಬ್ಬ “ದಿ ಮೋಟರ್ ಓವರ್‌ಹಿಯರ್ಡ್” ಎಂದ, ಮತ್ತೊಬ್ಬ ನೀರಿನ ಓವರ್‌ಹೆಡ್ ಟ್ಯಾಂಕನ್ನು ಓವರ್‌ಹೀಟ್ ಟ್ಯಾಂಕ್ ಮಾಡಿದ. ನೂರಕ್ಕೂ ಹೆಚ್ಚು ಪ್ರತಿ ಇನ್ನೂ ಮಂಚದ ಕೆಳಗಿವೆ. ಯಾರಿಗೂ ಕೊಡುವುದಿಲ್ಲ, ಅರ್ಥವೇ ತಪ್ಪಿದ ಪುಸ್ತಕ ಕೊಟ್ಟು ಏನು ಮಾಡಲಿ.

‘ಓವರ್’ ಎಂಬ ತಲೆಯ ಅರ್ಥ ನನಗೆ ಸಿಕ್ಕಿದ್ದು ಗಾಣದಲ್ಲಿ. ಮಹಾಲಿಂಗಪುರದ ಬೆಲ್ಲದ ಪೇಟೆ ನಿಮಗೆಲ್ಲ ಗೊತ್ತು, ನಮ್ಮ ಅಕ್ಕನ ಮನೆಯವರ ಗಾಣ ಅದರ ಹತ್ತಿರವೇ. ಚಳಿಗಾಲದಲ್ಲಿ ಹೋದಾಗ 1,300 ರೂಪಾಯಿಯ ಹೀಟ್ ಗನ್ ಥರದ ಥರ್ಮಾಮೀಟರ್ ತಗೊಂಡು ಹೋದೆ, ಕೆಂಪು ಚುಕ್ಕಿ ಬಿಟ್ಟು ದೂರದಿಂದ ಅಳೆಯುವುದು. ಕೊಪ್ಪರಿಗೆಯ ಮೇಲೆ ಹಿಡಿದರೆ ಹಬೆ ಅಡ್ಡ ಬಂದು ಒಮ್ಮೆ 85, ಒಮ್ಮೆ 92 ತೋರಿಸಿತು. ಕುದಿಯುವ ಕಬ್ಬಿನ ಹಾಲು ನೂರಕ್ಕಿಂತ ಕಡಿಮೆ ಇರಲು ಹೇಗೆ ಸಾಧ್ಯ? ಪಾಕ ನೋಡುವ ಅಜ್ಜ ನನ್ನ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ. ಸಟ್ಟುಗದ ತುದಿಯಿಂದ ಒಂದಿಷ್ಟು ಪಾಕ ತಣ್ಣೀರಿಗೆ ಬಿಟ್ಟ, ಎರಡು ಬೆರಳಲ್ಲಿ ಉರುಳಿಸಿದ, ಉಂಡೆ ಕಟ್ಟಿತು. “ಇಳಸ್ರಿ” ಅಂದ. ಕೂಡಲೇ ಕೊಪ್ಪರಿಗೆ ಎತ್ತಿದರು. ನಾನು, ಇನ್ನೊಂದು ಐದು ನಿಮಿಷ ಬಿಟ್ಟರೆ ಏನಾಗುತ್ತೆ ಅಂದೆ. “ಹದಾ ಮೀರತೈತಿ ಯವ್ವಾ. ಬೆಲ್ಲ ಕಪ್ಪಾಗತೈತಿ, ಪ್ಯಾಟಿಯಾಗ ಯಾರೂ ಮೂಸಿ ನೋಡಂಗಿಲ್ಲ.”

ಹದ ಮೀರುತ್ತೆ! ಅಷ್ಟೇ ಬೇಕಾಗಿತ್ತು. ಓವರ್‌ಹೀಟ್ ಅಂದರೆ ಬಹಳ ಬಿಸಿ ಅಲ್ಲ, ಹದ ಮೀರಿ ಬಿಸಿ. ಒಲೆಯ ಬೆಂಕಿ ಪಾಕಕ್ಕಿಂತ ಎಷ್ಟೋ ಪಟ್ಟು ಬಿಸಿ, ಆದರೆ ಬೆಂಕಿ ಓವರ್‌ಹೀಟ್ ಆಯಿತು ಎಂದು ಯಾರೂ ಅನ್ನುವುದಿಲ್ಲ, ಯಾಕೆಂದರೆ ಬೆಂಕಿಗೆ ಮೀರಲು ಹದವೇ ಇಲ್ಲ. ವಿಜಯಪುರದ ಬಿಸಿಲಿಗೂ ಇಲ್ಲ. ಅದು ‘ವೆರಿ ಹಾಟ್’, ಮುಗಿಯಿತು. ಯಾವುದಕ್ಕೆ ತಾಳುವ ಮಿತಿಯೊಂದು ಇದೆಯೋ, ಮೀರಿದರೆ ಕೆಡುತ್ತದೋ, ಅದು ಮಾತ್ರ ಓವರ್‌ಹೀಟ್ ಆಗುತ್ತದೆ.

ಊರಿಗೆ ಬಂದವಳೇ ಗೋಡೆಗೆ ಒಂದು ಹದದ ಪಟ್ಟಿ ಬರೆದು ಹಚ್ಚಿದೆ, ಯಾವುದಕ್ಕೆ ಎಷ್ಟು ಬಿಸಿ ಹದ ಎಂದು. ನಮ್ಮ ಮೈ 37 ಡಿಗ್ರಿ. ಗಾಡಿಯ ಎಂಜಿನ್ ನೀರು ಸುಮಾರು 90. ಬೆಲ್ಲದ ಪಾಕ 118ರ ಆಸುಪಾಸು. ಮೋಟಾರಿನ ವೈಂಡಿಂಗ್, ಅಂದರೆ ಒಳಗೆ ಸುತ್ತಿದ ತಂತಿ, ಅದರ ಇನ್ಸುಲೇಷನ್ (ಹೊದಿಕೆ) ಬಿ ಕ್ಲಾಸ್ ಆದರೆ ಹೆಚ್ಚೆಂದರೆ 130, ಎಫ್ ಕ್ಲಾಸ್ ಆದರೆ 155. ಈಗ ಪ್ರಶ್ನೆ: 118 ಡಿಗ್ರಿ ಹೆಚ್ಚೋ ಕಡಿಮೆಯೋ? ಬೆಲ್ಲಕ್ಕೆ ಅದೇ ಹದ. ರೇಡಿಯೇಟರ್ ನೀರಿಗೆ ಆದರೆ ಎಂಜಿನ್ ಕೈಬಿಟ್ಟಂತೆ. ಮೋಟಾರ್ ಒಳಗೆ ಆದರೆ ಇನ್ನೂ ತಾಳುತ್ತದೆ. ಒಂದೇ ಅಂಕಿ, ಮೂರು ಉತ್ತರ. ಈ ಒಂದು ತಾಸಿನ ನಂತರ ವಿಜಯಪುರವನ್ನು ಓವರ್‌ಹೀಟ್ ಮಾಡಿದವರು ಯಾರೂ ಇಲ್ಲ.

ಸಕ್ಕರೆ ಕಾರ್ಖಾನೆಯ ಹುಡುಗರು ಇಲ್ಲೇ ನನಗೊಂದು ಸವಾಲು ಹಾಕಿದರು. “ಮೇಡಂ, ನಮ್ಮ ಬಾಯ್ಲರ್‌ನಾಗ ಸೂಪರ್‌ಹೀಟರ್ ಐತ್ರಿ. ಅದೂ ಓವರ್‌ಹೀಟೂ ಒಂದೇ ಏನ್ರಿ?” ಉತ್ತರ ಹುಡುಕಲು ನನಗೆ ನಾಲ್ಕು ದಿನ ಹಿಡಿಯಿತು. ಸೂಪರ್‌ಹೀಟ್ ಬೇಕೆಂದೇ ಮಾಡುವುದು. ಬಾಯ್ಲರಿನ ಒತ್ತಡದಲ್ಲಿ ನೀರು ಹಬೆಯಾಗುವ ಬಿಸಿಗಿಂತ ಮೇಲಕ್ಕೆ, ಬೇಕಂತಲೇ, ಹಬೆಯನ್ನು ಕಾಯಿಸುತ್ತಾರೆ. ಆಗ ಅದು ಒಣ ಹಬೆ, ಟರ್ಬೈನ್ ಬ್ಲೇಡಿಗೆ ನೀರ ಹನಿ ಬಡಿಯುವುದಿಲ್ಲ. ನಮ್ಮ ಭಾಗದ ಕಾರ್ಖಾನೆಗಳಲ್ಲಿ ಆ ಹಬೆ 400 ಡಿಗ್ರಿ ದಾಟುತ್ತದೆ, ಆದರೂ ಓವರ್‌ಹೀಟ್ ಅಲ್ಲ. ಅದೇ ಹಬೆ ಒಯ್ಯುವ ಕೊಳವೆಯ ಒಳಗೆ ಉಪ್ಪು, ಸುಣ್ಣ ಗಟ್ಟಿಯಾಗಿ ಕೂತು ಬಿಸಿ ಹೊರಗೇ ನಿಂತರೆ ಕೊಳವೆಯ ಕಬ್ಬಿಣ ತಾಳದೆ ಉಬ್ಬಿ ಒಡೆಯುತ್ತದೆ. ಅದು ಓವರ್‌ಹೀಟ್. “ದಿ ಸೂಪರ್‌ಹೀಟರ್ ಟ್ಯೂಬ್ ಓವರ್‌ಹೀಟೆಡ್” ಎಂಬ ವಾಕ್ಯ ನನ್ನ ಕ್ಲಾಸಿನಲ್ಲಿ ಹುಟ್ಟಿದ್ದು. ಎರಡೂ ಶಬ್ದ ಒಂದೇ ಸಾಲಿನಲ್ಲಿ, ಎರಡೂ ತಮ್ಮ ತಮ್ಮ ಜಾಗದಲ್ಲಿ. ಇಂಥ ವಾಕ್ಯ ಯಾವ ಗೈಡಿನಲ್ಲೂ ನಾನು ಕಂಡಿಲ್ಲ.

ಆದರೆ ಇಂಟರ್‌ವ್ಯೂದಲ್ಲಿ ಸೋತ ಹುಡುಗನ ತಪ್ಪು ‘ಓವರ್’ನದಲ್ಲ, ‘ಹೀಟ್’ನದು. ಯಾರು ಯಾರನ್ನು ಕಾಯಿಸಿದರು ಎಂಬುದರದು. ಅದಕ್ಕೆ ನಾನು ಹಿಡಿದ ದಾರಿ ಕನ್ನಡದ ಕಾಯು, ಕಾಯಿಸು ಜೋಡಿ. ನೀರು ಕಾಯಿತು, ಅವ್ವ ನೀರು ಕಾಯಿಸಿದಳು. ಕುದಿಯಿತು, ಕುದಿಸಿದಳು. ಬೆಂದಿತು, ಬೇಯಿಸಿದಳು. ಎಷ್ಟು ಚಂದ ಹೊಂದುತ್ತದೆ ಅನ್ನಿಸಿ ಒಂದು ಇಡೀ ಬ್ಯಾಚ್, ಎರಡು ತಿಂಗಳು, ಇದರ ಮೇಲೆ ಕಳೆದೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ತೆರೆದು ಕೂತೆ. ಬಿಸಿಯಾಗುವ ಕಾಯ್, ದನ ಕಾಯುವ ಕಾಯ್, ದಾರಿ ಕಾಯುವ ಕಾಯ್ ಎಲ್ಲ ನೋಡುತ್ತಾ ಒಂದು ಭಾನುವಾರವೇ ಹೋಯಿತು. ಬ್ಯಾಚಿನ ಕೊನೆಗೆ ಬಂದ ಉತ್ತರ: “ಹಿ ಮೇಡ್ ಓವರ್‌ಹೀಟ್ ದಿ ಮೋಟರ್.” ನೋಡಿದ ಕೂಡಲೇ ಎದೆ ಕುಸಿಯಿತು. ಕನ್ನಡದಲ್ಲಿ ‘ಇಸು’ ಸೇರಿಸಿ ರೂಢಿಯಾದ ಹುಡುಗರು ಇಂಗ್ಲಿಷಿನಲ್ಲೂ ಏನಾದರೂ ಸೇರಿಸಲೇಬೇಕು ಎಂದುಕೊಂಡಿದ್ದರು. ನಾನೇ ಅವರಿಗೆ ಇಲ್ಲದ ತಪ್ಪು ಕಲಿಸಿದ್ದೆ. ಆ ಬ್ಯಾಚಿನ 16 ಮಂದಿಗೆ ಮುಂದೆ ಒಂದು ವಾರ ಬಿಟ್ಟಿ ಕ್ಲಾಸ್ ತಗೊಂಡೆ, ಫೀ 1,500 ತಗೊಂಡು ತಪ್ಪು ಕಲಿಸಿದ ಮೇಲೆ ಸುಮ್ಮನೆ ಕೂಡಲು ಮನಸ್ಸು ಒಪ್ಪಲಿಲ್ಲ.

ನನ್ನ ಕ್ಲಾಸ್ ಇರುವುದು ಮೋಟಾರ್ ರಿವೈಂಡಿಂಗ್ ಅಂಗಡಿಯ ಮೇಲೆ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ. ಬಾಡಿಗೆ 2,500, ಕಿಟಕಿ ತೆಗೆದರೆ ವಾರ್ನಿಷ್ ವಾಸನೆ. ಕೆಳಗಿನ ಕಾಕಾನಿಂದ ಹಳೆಯ ಅರ್ಧ ಎಚ್‌ಪಿ ಮೋಟಾರ್ ಕೇಳಿ ತಂದು, ಮೇಜಿನ ಮೇಲೆ ಬೋಲ್ಟ್ ಹಾಕಿ ನಿಲ್ಲಿಸಿದೆವು. ಉದ್ದೇಶ ‘ಹದ’ವನ್ನು ಕಣ್ಣಾರೆ ತೋರಿಸುವುದಷ್ಟೇ. ಶಾಫ್ಟಿಗೆ ಹಳೆಯ ಪಟ್ಟಿ ಬಿಗಿದು ಲೋಡ್ ಕೊಟ್ಟೆವು, ಹಿಂದಿನ ಫ್ಯಾನಿಗೆ ಗೋಣಿಚೀಲ ಮುಚ್ಚಿದೆವು. ಒಬ್ಬ ಆ ಥರ್ಮಾಮೀಟರ್ ಗನ್ ಹಿಡಿದು ಓದುವುದು, ಒಬ್ಬ ಬೋರ್ಡಿಗೆ ಬರೆಯುವುದು. 38, 47, 60. ಪ್ರತಿ ಸಲ ಕ್ಲಾಸ್ ಒಟ್ಟಿಗೆ “ನಾಟ್ ಓವರ್‌ಹೀಟೆಡ್” ಎನ್ನಬೇಕು. ಹುರುಪು ಏರಿತು. 71. 80. ಬಾಡಿಯ ಮೇಲೆ 80 ಇದ್ದರೆ ಒಳಗಿನ ತಂತಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ ಎಂಬುದು ಆ ಹುರುಪಿನಲ್ಲಿ ಯಾರಿಗೂ ನೆನಪಾಗಲಿಲ್ಲ. ಸದ್ದು ಬದಲಾಯಿತು, ಗೋಣಿಚೀಲದ ಕೆಳಗಿನಿಂದ ತೆಳ್ಳಗೆ ಹೊಗೆ ಬಂತು, ಆಮೇಲೆ ಆ ವಾಸನೆ. ಸ್ವಿಚ್ ತೆಗೆಯುವಷ್ಟರಲ್ಲಿ ಮುಗಿದಿತ್ತು.

ವಾಸನೆ ಹಿಡಿದು ಕಾಕಾ ಮೇಲೆ ಓಡಿ ಬಂದ. ಬಾಗಿಲಲ್ಲೇ ನಿಂತು, “ಯಾರ ಸುಟ್ಟ್ರೋ ಇದನ್ನ?”

ಮುಂದಿನ ಬೆಂಚಿನವ ನನ್ನನ್ನು ಉಳಿಸಲು ನೋಡಿದ: “ತಾನ ಸುಟ್ಟಿತ್ರಿ ಕಾಕಾ.”

ಹಿಂದಿನಿಂದ ಇನ್ನೊಬ್ಬ, ನಿಜ ಹೇಳುವ ಸ್ವಭಾವದವ: “ಇಲ್ರಿ ಕಾಕಾ, ಮೇಡಂ ಸುಟ್ಟಾರ.”

ನಾನು ಚಾಕ್ ಹಿಡಿದವಳು ಹಾಗೇ ನಿಂತೆ. ಸುಟ್ಟಿತು, ಸುಟ್ಟಾರ. ತಾನೇ ಆದರೂ ಸುಡು, ಬೇರೆಯವರು ಮಾಡಿದರೂ ಸುಡು. ‘ಇಸು’ ಇಲ್ಲ, ಏನೂ ಸೇರಿಸುವುದಿಲ್ಲ. ವಾಕ್ಯದಲ್ಲಿ ಕರ್ತೃವಿನ ಜಾಗದಲ್ಲಿ ಯಾರು ಕೂತಿದ್ದಾರೆ ಎಂಬುದರ ಮೇಲೆ ಅರ್ಥ. ಎರಡು ತಿಂಗಳು ನಾನು ಕಾಯು, ಕಾಯಿಸು ಹಿಡಿದು ಒದ್ದಾಡಿದ್ದೆ. ಇಂಗ್ಲಿಷಿನ ಓವರ್‌ಹೀಟ್ ನಮ್ಮ ಕಾಯುವಿನ ಹಾಗಲ್ಲ, ನಮ್ಮ ಸುಡುವಿನ ಹಾಗೆ ನಡೆಯುತ್ತದೆ. ಕಾಕಾ ಇನ್ನೂ ಮೋಟಾರ್ ಮುಟ್ಟಿ ನೋಡುತ್ತಿದ್ದ, ನಾನು ಬೋರ್ಡ್ ಒರೆಸಿ ಎರಡು ಸಾಲು ಬರೆದೆ. ತಾನ ಸುಟ್ಟಿತು. ಮೇಡಂ ಸುಟ್ಟಾರ. ಸುಡು ತೆಗೆದು ಓವರ್‌ಹೀಟ್ ಇಡ್ರಿ ಅಂದೆ. ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಅವನೇ, ನಿಧಾನವಾಗಿ: “ದಿ ಮೋಟರ್ ಓವರ್‌ಹೀಟೆಡ್. ಮೇಡಂ ಓವರ್‌ಹೀಟೆಡ್ ದಿ ಮೋಟರ್.” ಯಾರೂ ತಿದ್ದಬೇಕಾಗಲಿಲ್ಲ.

ರಿವೈಂಡಿಂಗ್‌ಗೆ 1,600 ಆಗುವುದಿತ್ತು. ಕಾಕಾ ತಾಮ್ರದ ತಂತಿಯ ಖರ್ಚು 900 ಮಾತ್ರ ತಗೊಂಡ. ಪ್ರೊಜೆಕ್ಟರಿಗೂ ಪುಸ್ತಕಕ್ಕೂ ಹೋದ 27 ಸಾವಿರದ ಲೆಕ್ಕದಲ್ಲಿ ಈ 900 ರೂಪಾಯಿಯ ಹಾಗೆ ದುಡಿದ ದುಡ್ಡು ಬೇರೆ ಇಲ್ಲ.

ಈಗ ಕ್ಲಾಸಿನಲ್ಲಿ ಇದಕ್ಕೆ ‘ಸುಡು ಬಳಗ’ ಎಂದು ಹೆಸರು. ಕನ್ನಡದಲ್ಲೂ ಈ ಬಳಗ ಚಿಕ್ಕದಲ್ಲ. ಕೋಲು ಮುರಿಯಿತು, ಕೋಲು ಮುರಿದ. ಕೊಡ ತುಂಬಿತು, ಕೊಡ ತುಂಬಿದಳು. ಗಡಿಗೆ ಒಡೆಯಿತು, ಗಡಿಗೆ ಒಡೆದ. ಇಂಗ್ಲಿಷಿನ ಬ್ರೇಕ್, ಫಿಲ್, ಬರ್ನ್, ಬಾಯ್ಲ್, ಸ್ಟಾಪ್, ಓಪನ್ ಎಲ್ಲ ಇದೇ ಬಳಗ. ಹುಡುಗರ ಬಾಯಲ್ಲಿ ನಿತ್ಯ ಇರುವ ಕನ್ನಡದಿಂದ ಹೊರಟರೆ ಒಂದು ಶಬ್ದದ ಬೆಲೆಗೆ ಹತ್ತು ಹನ್ನೆರಡು ಕ್ರಿಯಾಪದ ಬರುತ್ತವೆ. ಒಂದು ವಾರ ವ್ಯರ್ಥ ಅಂದವರಿಗೆ ನನ್ನ ಉತ್ತರ ಇದು. ಯಾವ ಶಬ್ದ ಮೊದಲು, ಯಾವುದು ನಂತರ ಎಂಬ 12 ಚೀಟಿಗಳ ಕ್ರಮವೊಂದು ನನ್ನ ಹತ್ತಿರ ಇದೆ, ನಡುವೆ ಬೇಕೆಂದೇ ಒಂದು ತಪ್ಪು ಚೀಟಿ ಸೇರಿಸುತ್ತೇನೆ. ಆ ಕ್ರಮ ಮಾತ್ರ ಇಲ್ಲಿ ಬರೆಯುವುದಿಲ್ಲ. ಅದರ ಮೇಲೆಯೇ ನನ್ನ ಮನೆ ನಡೆಯುತ್ತಿದೆ.

ರಿಪೋರ್ಟ್ ಬರೆಯುವವರಿಗೆ ಇನ್ನೊಂದು ಎಚ್ಚರಿಕೆ ಹೇಳುತ್ತೇನೆ. “ದಿ ಮೋಟರ್ ವಾಸ್ ಓವರ್‌ಹೀಟೆಡ್” ಎಂದರೆ ಓದಿದ ಸಾಹೇಬರು ‘ಯಾರಿಂದ?’ ಎಂದು ಕೇಳಲು ಜಾಗ ಬಿಟ್ಟಂತೆ. ಯಾರ ಕೈವಾಡವೂ ಇಲ್ಲದಿದ್ದರೆ ‘ವಾಸ್’ ಬೇಡ. “ದಿ ಮೋಟರ್ ಓವರ್‌ಹೀಟೆಡ್ ಬಿಕಾಸ್ ಒನ್ ಫೇಸ್ ವಾಸ್ ಮಿಸ್ಸಿಂಗ್” ಎಂದು ಕಾರಣದ ಸಮೇತ ಮುಗಿಸಬೇಕು. ದಿನಾ ಆಗುವುದಿದ್ದರೆ “ಇಟ್ ಓವರ್‌ಹೀಟ್ಸ್ ಎವ್ರಿ ಆಫ್ಟರ್‌ನೂನ್”, ಕಣ್ಣ ಮುಂದೆ ಆಗುತ್ತಿದ್ದರೆ “ಇಟ್ ಇಸ್ ಓವರ್‌ಹೀಟಿಂಗ್”. ಇಷ್ಟು ಸಾಕು.

ಮೈಯ ಉಷ್ಣದ ವಿಷಯದಲ್ಲಿ ನಾನು ಒಂದಿಷ್ಟು ದಿನ ಬೇರೆ ಪ್ರಯೋಗ ಮಾಡಿದೆ. ಮಾವಿನಹಣ್ಣು ತಿಂದು ಬಾಯಿಹುಣ್ಣಾದರೆ, ಕಣ್ಣು ಉರಿದರೆ ನಾವು ‘ಹೀಟ್ ಆಗೇತಿ’ ಅನ್ನುತ್ತೇವೆ. ಹುಡುಗರು “ಮೈ ಬಾಡಿ ಓವರ್‌ಹೀಟೆಡ್ ಬೈ ಮ್ಯಾಂಗೋ” ಎಂದರು. ಇಂಗ್ಲಿಷಿನವರ ಮೈಯೂ ಓವರ್‌ಹೀಟ್ ಆಗುತ್ತದೆ, ಆದರೆ ಬಿಸಿಲಲ್ಲಿ ಓಡಿದಾಗ, ದಪ್ಪ ಕಂಬಳಿ ಹೊದ್ದಾಗ, ಥರ್ಮಾಮೀಟರಿಗೆ ಸಿಗುವ ಬಿಸಿಯಿಂದ. ನಮ್ಮ ಉಷ್ಣ, ತಂಪು ಬೇರೆಯೇ ಲೆಕ್ಕ, ಅದಕ್ಕೆ ಅವರಲ್ಲಿ ಒಂದೇ ಶಬ್ದವಿಲ್ಲ. ಬಾಯಿಹುಣ್ಣಾಗಿದೆ ಎಂದೇ ಹೇಳಿ ಎಂದು ಕಲಿಸಿದೆ. ‘ಓವರ್‌ಹೀಟೆಡ್ ರೂಮ್’ ಅಂದರೆ ನಮ್ಮ ಹುಡುಗರಿಗೆ ನಂಬಲು ಆಗಲಿಲ್ಲ, ರೊಕ್ಕ ಕೊಟ್ಟು ಕೋಣೆ ಕಾಯಿಸುವ ದೇಶ ಇದೆಯೇ ಎಂದು. ಪೇಪರಿನಲ್ಲಿ ಬರುವ ‘ಓವರ್‌ಹೀಟೆಡ್ ಎಕಾನಮಿ’ ಅವರಿಗೆ ಬೇಗ ಹತ್ತಿತು: ಮಾಲಿಗಿಂತ ಗಿರಾಕಿ ಹೆಚ್ಚಾಗಿ, ರೇಟು ಹದ ಮೀರಿ ಏರುವುದು. ಬೆಲ್ಲದ ಪೇಟೆ ನೋಡಿದವರಿಗೆ ಬಿಡಿಸಿ ಹೇಳಬೇಕೇ?

ಓವರ್‌ಹಿಯರ್ ಗೊಂದಲ ಮಾತ್ರ ಪೂರ್ತಿ ಹೋಗಿಲ್ಲ. ಓವರ್‌ಲೋಡ್, ಓವರ್‌ಕುಕ್, ಓವರ್‌ಈಟ್ ಎಲ್ಲದರಲ್ಲೂ ಹದ ಮೀರುವುದೇ ಅರ್ಥ. ಓವರ್‌ಹಿಯರ್‌ನಲ್ಲಿ ಹಾಗಲ್ಲ, ಬೇರೆಯವರ ಮಾತು ಅಕಸ್ಮಾತ್ತಾಗಿ ಕಿವಿಗೆ ಬೀಳುವುದು. ಓವರ್‌ಲುಕ್, ಓವರ್‌ಟೇಕ್ ಕೂಡ ಬೇರೆ ದಾರಿಯವು. ಇವಕ್ಕೆ ಹದದ ಪಟ್ಟಿ ನಡೆಯುವುದಿಲ್ಲ. ಈ ಬ್ಯಾಚಿನಲ್ಲಿ ಸೋತ ಮೂವರಲ್ಲಿ ಇಬ್ಬರು ಬಿದ್ದದ್ದು ಇಲ್ಲೇ. ಮುಂದಿನ ಬ್ಯಾಚಿಗೆ ಬೇರೆ ಉಪಾಯ ಹುಡುಕುತ್ತಿದ್ದೇನೆ.

ಇಂಟರ್‌ವ್ಯೂದಲ್ಲಿ ಸೋತ ಆ ಹುಡುಗ ಎರಡನೇ ಸಲ ಬಂದು ನನ್ನ ಹೊಸ ಬ್ಯಾಚಿನಲ್ಲಿ ಕೂತ. ಅವನಿಂದ ಫೀ ತಗೊಳ್ಳಲಿಲ್ಲ. ಈಗ ಅವನು ಒಂದು ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟಿನಲ್ಲಿದ್ದಾನೆ. ಹೋದ ವಾರ ಬೆಳಗಿನ ಆರು ಗಂಟೆಗೆ ಲಾಗ್‌ಬುಕ್ಕಿನ ಒಂದು ಫೋಟೊ ಕಳಿಸಿದ. ನೀಲಿ ಶಾಯಿ, ದುಂಡು ಅಕ್ಷರ: “3.40 ಎ.ಎಂ. ನಂ. 2 ಪಂಪ್ ಬೇರಿಂಗ್ ಓವರ್‌ಹೀಟೆಡ್. ನೋ ಗ್ರೀಸ್. ಸ್ಟಾಪ್ಡ್ ಪಂಪ್, ಸ್ಟಾರ್ಟೆಡ್ ನಂ. 3.” ಕೆಳಗೆ ನನಗೊಂದು ಸಾಲು: “ತಾನ ಸುಟ್ಟಿತ್ರಿ ಮೇಡಂ, ನಾ ಅಲ್ಲ.”